ಅತ್ಯಾಗೆ ಬಂದ ಮೊದಲನೇ ಮಾತು

ಮೊನ್ನೆ ನವನಗರದಲ್ಲಿ ಬಸ್ಸಿಳಿದು ಒಳರಸ್ತೆಗೆ ತಿರುಗುವಷ್ಟರಲ್ಲಿ ಮೂಲೆಯ ಇಸ್ತ್ರಿ ಅಂಗಡಿಯವನು ಒಂದು ಬಿಳಿ ಸೀರೆ ಹಾಸಿಕೊಂಡು, ನೀರು ಚಿಮುಕಿಸಿ, ಕಾದ ಇಸ್ತ್ರಿ ಎಳೆದ. ಗಂಜಿ ಹಾಕಿದ ಬಟ್ಟೆಗೆ ಬಿಸಿ ತಾಗಿದರೆ ಒಂದು ವಾಸನೆ ಏಳುತ್ತದೆ. ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಹಾಗೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಅವನು ತಲೆ ಎತ್ತಿ, "ಏನ್ ಬೇಕಾಗಿತ್ರೀ ಅಕ್ಕಾರ?" ಅಂದ. "ಏನಿಲ್ಲಪಾ, ನಿಂದು ನಡೀಲಿ" ಅಂದೆ. ಅವನು ನನ್ನನ್ನು ಒಂದು ಥರಾ ನೋಡಿ ಮತ್ತೆ ಇಸ್ತ್ರಿ ಎಳೆಯತೊಡಗಿದ.

ನನ್ನ ಪಾಲಿಗೆ ಅದು ಶುಭ ಶುಕ್ರವಾರದ ವಾಸನೆ. ಆ ದಿನ ನಮ್ಮ ಕಡೆಯ ಕ್ರೈಸ್ತ ಹೆಂಗಸರು ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಾರೆ. ಸುಗುಣಾ ಅತ್ಯಾ ತನ್ನ ಸೀರೆಗೆ ಹಾಕುತ್ತಿದ್ದ ಗಂಜಿ ಎಷ್ಟು ಗಟ್ಟಿ ಅಂದರೆ, ಅತ್ಯಾ ಇಲ್ಲದಿದ್ದರೂ ಆ ಸೀರೆ ಒಂದೇ ನಡೆದುಕೊಂಡು ಚರ್ಚಿಗೆ ಹೋಗಿ ಬಂದೀತು ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಅತ್ಯಾ ನಗುತ್ತಿರಲಿಲ್ಲ. ಆ ವರ್ಷಗಳಲ್ಲಿ ಅವಳು ನಗುತ್ತಿದ್ದುದೇ ಕಡಿಮೆ.

ಅತ್ಯಾ ನನ್ನ ಅಪ್ಪನ ಅಕ್ಕ. ನಾನು ಧಾರವಾಡದಲ್ಲಿ ಬಿ.ಎಡ್ ಓದುವಾಗ ಅಪ್ಪ ನನ್ನನ್ನು ಬೆಟಗೇರಿಯಿಂದ ಕರೆತಂದು ನವನಗರದ ಅವಳ ಮನೆಯಲ್ಲಿ ಬಿಟ್ಟಿದ್ದ. ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು, ಚರ್ಚಿನ ಸಂಡೇ ಸ್ಕೂಲಿನಲ್ಲೂ ಕಲಿಸಿದವಳು. ಹಾಗಾಗಿ ಅರ್ಧ ಸಭೆಗೆ ಅವಳು ಅಕ್ಕೋರು. ತಲೆ ನೆರೆತ ಗಂಡಸರು ಕೂಡ ಅವಳೆದುರು ಚರ್ಚಿನ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲುತ್ತಿದ್ದರು. ವಾಕ್ಯಗಳೆಲ್ಲ ಅವಳಿಗೆ ಬಾಯಿಪಾಠ. ಪಾಸ್ಟರು ಓದುವಾಗ ಒಂದು ಪದ ತಪ್ಪಿದರೆ ಮೂರನೇ ಬೆಂಚಿನಿಂದ ಅವಳ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು.

ಅವಳ ಗಂಡ, ನನ್ನ ಮಾಮಾ, ನಾನು ಅಲ್ಲಿಗೆ ಹೋಗುವ ಕೆಲವು ವರ್ಷ ಮೊದಲೇ ತೀರಿಕೊಂಡಿದ್ದರು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಸಂಜೆ ಕೆಲಸ ಬಿಟ್ಟು ವಸಂತ ಎಂಬಾತನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಮನೆಗೆ ಬರುತ್ತಿದ್ದರು. ವಸಂತ ಅದೇ ಕಾರ್ಖಾನೆಯವನು, ಅದೇ ಚರ್ಚಿನವನು, ಚಿಕ್ಕಂದಿನಲ್ಲಿ ಅತ್ಯಾಳ ಸಂಡೇ ಸ್ಕೂಲಿನಲ್ಲಿ ಕಲಿತವನು. ಅವನೂ ಮಾಮಾನೂ ಹಾಡುವ ತಂಡದಲ್ಲಿ ಪಕ್ಕಪಕ್ಕ ನಿಂತು ಕೆಳದನಿ ಹಿಡಿಯುತ್ತಿದ್ದರು. ಒಂದು ಸಂಜೆ ರಸ್ತೆಯಲ್ಲಿ ವಸಂತ ಲಾರಿಯೊಂದನ್ನು ಹಿಂದೆ ಹಾಕಲು ಹೋದ. ಮಾಮಾ ಅಲ್ಲೇ ಹೋದರು. ವಸಂತನ ಕಾಲು ಮುರಿಯಿತು, ಜೀವ ಉಳಿಯಿತು.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ವಸಂತ, "ಮಾಮಾರು ಲಗೂ ಹೋಗು ಅಂದ್ರು, ಅದಕ್ಕ ಜೋರ ಬಿಟ್ಟೆ" ಅಂದನಂತೆ. ಈ ಮಾತು ಅತ್ಯಾಳ ಕಿವಿಗೆ ಬಿತ್ತು. ಅಂದಿನಿಂದ ಅವಳು ಒಂದೇ ಮಾತು ಹೇಳಿದಳು. "ನಮ್ಮನಿಯವರು ಜನ್ಮದಾಗ ಯಾರಿಗೂ ಲಗೂ ಮಾಡು ಅಂದವರಲ್ಲ. ತಾ ಪಾರಾಗಾಕ ಸತ್ತವರ ಮ್ಯಾಲೆ ಸುಳ್ಳ ಹಾಕ್ಯಾನ." ಅಕ್ಕೋರು ಹೇಳಿದ ಮೇಲೆ ಮುಗಿಯಿತು. ವಿಧವೆಯಾಗಿ ನಿಂತವಳ ಮಾತನ್ನು ಯಾರು ಅನುಮಾನಿಸುತ್ತಾರೆ? ಹಾಡುವ ತಂಡದಲ್ಲಿ ವಸಂತನ ಜಾಗಕ್ಕೆ ಬೇರೆಯವರು ಬಂದರು. ಅವನು ಮಾತ್ರ ಪ್ರತಿ ಭಾನುವಾರ ಬರುತ್ತಿದ್ದ. ಕುಂಟುತ್ತ ಬಂದು, ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ ಬಾಗಿಲಿಗೆ ಹತ್ತಿ ಕೂಡುತ್ತಿದ್ದ. ಹಾಡಿಗೆ ಎಲ್ಲರೂ ಎದ್ದಾಗ ಎದ್ದು ನಿಲ್ಲುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ.

ನಮ್ಮ ಆರಾಧನೆಯಲ್ಲಿ ಸಮಾಧಾನ ಹಂಚುವ ಪದ್ಧತಿ ಇದೆ. ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವುದಕ್ಕೆ, ಮೊದಲು ಪಾಸ್ಟರು ವೇದಿಕೆಯಿಂದ ಇಳಿದು ಮುಂದಿನ ಬೆಂಚಿನ ತುದಿಯವರ ಅಂಗೈಗೆ ತಮ್ಮ ಅಂಗೈ ಕೂಡಿಸಿ, ಎರಡೂ ಕೈಯಿಂದ ಹಿಡಿದು ಸಮಾಧಾನ ಕೊಡುತ್ತಾರೆ. ಅದನ್ನು ಪಡೆದವರು ಪಕ್ಕದವರಿಗೆ, ಅವರು ಹಿಂದಿನವರಿಗೆ, ಹೀಗೆ ಕೈಯಿಂದ ಕೈಗೆ ಹೋಗಿ ಕೊನೆಯ ಬೆಂಚಿಗೆ ಮುಟ್ಟಬೇಕು. ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರು ಮೊದಲು ಅದನ್ನು ತೊಳೆದುಕೊಂಡು ಕೈ ಚಾಚಬೇಕು ಎಂದು ಅದರ ಅರ್ಥ. ಸರಿಯಾಗಿ ಆ ಹೊತ್ತಿಗೆ ಅತ್ಯಾ ಎದ್ದು ಹೊರಗೆ ನೀರು ಕುಡಿಯಲು ಹೋಗುತ್ತಿದ್ದಳು. ಪ್ರತಿ ಸಲ. ಅವಳ ಪಕ್ಕದವರು ಅವಳ ಖಾಲಿ ಜಾಗ ದಾಟಿ ಕೈ ಚಾಚುವುದನ್ನು ರೂಢಿ ಮಾಡಿಕೊಂಡಿದ್ದರು. ಅತ್ಯಾ ಭೋಜನ ಪಂಕ್ತಿಗೂ ಹೋಗುತ್ತಿರಲಿಲ್ಲ. ಇದೆಲ್ಲ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಸಂಗತಿ. ನಾನು ಒಮ್ಮೆ ಬಿಟ್ಟೆ. "ಅತ್ಯಾ, ನಿನಗ ಸರಿಯಾಗಿ ಆಗ ಯಾಕ ನೀರಡಿಕಿ ಆಗ್ತೈತಿ?" ಆ ವಾರ ಪೂರ್ತಿ ನನಗೆ ಬರೀ ಅನ್ನ ಸಾರು ಸಿಕ್ಕಿತು.

ನೀರು ಅಂದೆನಲ್ಲ, ಅದರ ಬಗ್ಗೆಯೂ ಹೇಳಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಬಾಳುವೆ ಮಾಡಿದವರಿಗೆ ನೀರು ಬರುವ ದಿನ ಅಂದರೇನೆಂದು ಗೊತ್ತು. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ, ತನಗೆ ಮನಸ್ಸು ಬಂದ ಹೊತ್ತಿಗೆ ಬರುತ್ತದೆ. "ನಳ ಬಂದಾವು!" ಎಂದು ಯಾರೋ ಕೂಗಿದರೆ ಸಾಕು, ಓಣಿಗೆ ಓಣಿಯೇ ಕೊಡ, ಬಕೆಟ್ಟು, ಪೈಪು ಹಿಡಿದು ಏಳುತ್ತದೆ. ಅತ್ಯಾಳ ಮನೆಯಲ್ಲಿ ನೀರು ಅಂಗಳದ ತೊಟ್ಟಿಯವರೆಗೆ ಮಾತ್ರ ಏರುತ್ತಿತ್ತು. ಅಲ್ಲಿಂದ ಕೊಡದಲ್ಲಿ ಎತ್ತಿ ಒಳಗಿನ ಡ್ರಮ್ಮು ತುಂಬಬೇಕು. ಒಬ್ಬರು ತುಂಬಿ ಕೊಡಲು, ಒಬ್ಬರು ಒಯ್ದು ಸುರಿಯಲು ಬೇಕು. ಆದರೆ ಅತ್ಯಾ ನನ್ನನ್ನು ಕರೆಯುತ್ತಲೇ ಇರಲಿಲ್ಲ. ನಾನು ಒಳಗೆ ಪಾಠದ ಯೋಜನೆ ಬರೆಯುತ್ತ ಕೂತಿರುತ್ತಿದ್ದೆ. ಸದ್ದು ಕೇಳಿ ಹೊರಬಂದರೆ ಅವಳು ಸೊಂಟ ಹಿಡಿದುಕೊಂಡು ಅರ್ಧ ಡ್ರಮ್ಮು ತುಂಬಿಸಿರುತ್ತಿದ್ದಳು.

"ಒಂದ್ ಕೂಗು ಹಾಕಿದ್ರ ಏನಾಗ್ತೈತಿ ಅತ್ಯಾ? ಬಾಯಿ ಸವೀತೈತೇನು?"

"ನನಗ ಯಾರನ್ನೂ ಕರಿಯೂ ಚಟ ಇಲ್ಲ. ನೀ ಓದ್ಕೋ ಹೋಗು."

ಆ ಮನೆಯಲ್ಲಿ ಇದ್ದಷ್ಟು ದಿನ 'ಲಗೂ ಬಾ' ಎಂಬ ಮಾತು ನನಗೆ ಕೇಳಲಿಲ್ಲ. ಕಾಲೇಜಿಗೆ ಹೊತ್ತಾದರೂ ಅತ್ಯಾ ಅವಸರ ಮಾಡುತ್ತಿರಲಿಲ್ಲ. ನನಗೆ ಅದು ಹಿಡಿಸುತ್ತಿತ್ತು. ಟೀಚರಾಗಿದ್ದವಳ ಬಿಗುಮಾನ ಎಂದುಕೊಂಡು ಸುಮ್ಮನಿದ್ದೆ.

ಇನ್ನು ಆ ವರ್ಷದ ಕತೆ. ಹಿಂದಿನ ಮೇ ತಿಂಗಳಲ್ಲಿ ಹೊಸ ಪಾಸ್ಟರು ಬಂದಿದ್ದರು. ಮಂಗಳೂರು ಕಡೆಯವರು, ಸಣ್ಣ ವಯಸ್ಸು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ನಡುನಡುವೆ 'ಮಾರಾಯ್ರೆ' ಸೇರಿಸುತ್ತಿದ್ದರು. ನಮ್ಮ ಸಭೆಯ ಹುಡುಗರು ಅವರ ಬೆನ್ನ ಹಿಂದೆ ಎಲ್ಲದಕ್ಕೂ 'ಉಂಟು, ಉಂಟು' ಅನ್ನುತ್ತಿದ್ದರು. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ವಾಕ್ಯ ಓದಿದ ಮೇಲೆ ತಕ್ಷಣ ಬೋಧನೆ ಶುರು ಮಾಡದೆ ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುವುದು. ನಮ್ಮ ಜನಕ್ಕೆ ಸುಮ್ಮನಿರುವುದು ಒಗ್ಗುವುದಿಲ್ಲ. ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು ಬೀಸಣಿಗೆ ಹುಡುಕುತ್ತಿದ್ದರು. "ಅಯ್ಯನೋರು ಮರ್ತಾರೇನು?" ಎಂದು ಹಿಂದಿನ ಬೆಂಚಿನ ಅಜ್ಜಿ ಕೇಳುತ್ತಿದ್ದಳು. ಹಳೆಯ ಮಂದಿ ಇಂದಿಗೂ ಪಾಸ್ಟರನ್ನು ಅಯ್ಯನೋರು ಎಂದೇ ಕರೆಯುತ್ತಾರೆ.

ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆ ನಮ್ಮಲ್ಲಿ ದೊಡ್ಡದು. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮೇಲೆ ಸಭೆಯ ಏಳು ಜನ ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಯಾರಿಗೆ ಯಾವ ಮಾತು ಎಂಬುದನ್ನು ಪಾಸ್ಟರು ಮೊದಲೇ ಸಾರುತ್ತಾರೆ. ಅತ್ಯಾಗೆ ವರ್ಷವೂ ಮೂರನೇ ಮಾತು, ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ್ದು. ಅದನ್ನು ಹೇಳಿ ಹೆಂಗಸರ ಕಡೆಯ ಸೆರಗೆಲ್ಲ ಒದ್ದೆ ಮಾಡುವುದರಲ್ಲಿ ಅವಳ ಕೈ ಪಳಗಿತ್ತು. ಹಿಂದಿನ ಪಾಸ್ಟರುಗಳಿಗೆ ಸಭೆಯ ಹಿರಿಯರೊಬ್ಬರು ಗುಟ್ಟಾಗಿ ಹೇಳಿಡುತ್ತಿದ್ದರು, ಅಕ್ಕೋರಿಗೆ ಯಾವುದು ಬೇಕಾದರೂ ಕೊಡಿ, ಮೊದಲನೇದು ಮಾತ್ರ ಬೇಡ ಎಂದು. ಮೊದಲನೇದು, ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸು ಎಂದು ತಂದೆಯನ್ನು ಬೇಡಿಕೊಂಡ ಮಾತು. ಆ ವರ್ಷ ಆ ಹಿರಿಯರು ಮೊಣಕಾಲಿನ ಚಿಕಿತ್ಸೆಗೆಂದು ಬೆಳಗಾವಿಯ ಮಗಳ ಮನೆಯಲ್ಲಿದ್ದರು. ಹೊಸ ಪಾಸ್ಟರು, ಎಲ್ಲರಿಗೂ ಕಲಿಸಿದ ಟೀಚರೇ ಮೊದಲು ಮಾತಾಡಲಿ ಎಂದುಕೊಂಡು, ಲೆಂಟ್ ಎಂಬ ನಲವತ್ತು ದಿನಗಳ ಉಪವಾಸಕಾಲ ಶುರುವಾಗುವ ಮುಂಚಿನ ಭಾನುವಾರ ವೇದಿಕೆಯಿಂದ ಗಟ್ಟಿಯಾಗಿ ಸಾರಿಬಿಟ್ಟರು. "ಮೊದಲನೇ ಮಾತು, ಸುಗುಣಾ ಟೀಚರ್."

ಅಂಥ ಮೌನ ಆ ಚರ್ಚಿನಲ್ಲಿ ಪಾಸ್ಟರು ಕಣ್ಣು ಮುಚ್ಚಿ ನಿಂತಾಗಲೂ ಆಗಿರಲಿಲ್ಲ. ಯಾರೂ ಕೆಮ್ಮಲಿಲ್ಲ. ಅತ್ಯಾ ಕದಲದೆ ಕೂತಿದ್ದಳು. ನಾನು ಹಿಂದೆ ತಿರುಗಿ ನೋಡಿದೆ. ವಸಂತ ತಲೆ ತಗ್ಗಿಸಿಕೊಂಡು ಬೆಂಚಿನ ಅಂಚು ಹಿಡಿದಿದ್ದ.

ಯಾರೋ ಸಂಜೆಯೇ ಪಾಸ್ಟರಿಗೆ ಎಲ್ಲ ಹೇಳಿರಬೇಕು. ಮರುದಿನ ಅವರು ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರು.

"ಬರ್ರಿ ಅಯ್ಯನೋರ, ಕೂಡ್ರಿ. ಸುಧಾ, ಚಹಾ ಇಡು" ಅಂದಳು ಅತ್ಯಾ.

"ಟೀಚರ್, ನನ್ನಿಂದ ತಪ್ಪಾಗಿದೆ. ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ನೀವು ಬೇಸರ ಮಾಡಬೇಡಿ. ಬೇಕಾದರೆ ಬೇರೆ ಮಾತು ಕೊಡ್ತೇನೆ. ಐದನೇದು ಉಂಟು, ನೀರಡಿಕೆಯದ್ದು."

ಅತ್ಯಾಳ ಮುಖ ಕಪ್ಪಿಟ್ಟಿತು. "ಅದು ಬ್ಯಾಡ" ಅಂದಳು ತಟ್ಟನೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಏನೂ ಬದಲಿ ಮಾಡಬ್ಯಾಡ್ರಿ. ಮೊದಲನೇದ ಇರ್ಲಿ. ಆ ಮಾತು ನಾ ಎಷ್ಟ ಹುಡುಗರಿಗೆ ಕಲಿಸಿಲ್ಲ? ನನಗ ಹೇಳಾಕ ಬರೂದಿಲ್ಲ ಅಂತ ತಿಳ್ಕೊಂಡ್ರೇನು ಮಂದಿ?"

ಪಾಸ್ಟರು ಚಹಾದ ಕಪ್ಪು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಇಲ್ಲೂ ಶುರುವಾಯಿತಲ್ಲ ಎಂದು ನನಗೆ ನಗು ಬಂತು. ಕಣ್ಣು ತೆರೆದು ಅವರು ಕೇಳಿದ್ದು ಇಷ್ಟೇ. "ಟೀಚರ್, ಆ ಮಾತು ಯಾರಿಗೋಸ್ಕರ ಬೇಡಿಕೊಂಡದ್ದು ಅಂತ ನೀವು ಮಕ್ಕಳಿಗೆ ಕಲಿಸ್ತಿದ್ರಿ?"

"ಸಿಪಾಯಿಗೋಳ ಸಲುವಾಗಿ. ಮೊಳಿ ಹೊಡದವರ ಸಲುವಾಗಿ."

"ಅಷ್ಟೇ ಜನವಾ?"

"ಮತ್ಯಾರು?" ಅಂದಳು ಅತ್ಯಾ, ಹುಡುಗನೊಬ್ಬ ತಪ್ಪು ಉತ್ತರ ಕೊಟ್ಟಾಗ ಕೇಳುವ ಧಾಟಿಯಲ್ಲಿ. ಪಾಸ್ಟರು ಚಹಾ ಮುಗಿಸಿ, ಪ್ರಾರ್ಥನೆ ಮಾಡಿ ಹೋದರು. "ಸಣ್ಣ ಹುಡುಗ, ನನಗ ಪರೀಕ್ಷಾ ಮಾಡಾಕ ಬಂದಾನ" ಎಂದು ಅತ್ಯಾ ಸಂಜೆಯವರೆಗೂ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು.

ಆ ಲೆಂಟ್ ದಿನಗಳ ಸೆಕೆ ನನಗೆ ಚೆನ್ನಾಗಿ ನೆನಪಿದೆ. ಬೇವಿನ ಹೂವು ಅಂಗಳದ ತುಂಬ ಉದುರುತ್ತಿತ್ತು, ಗುಡಿಸಿದಷ್ಟೂ ಮತ್ತೆ ಬೀಳುತ್ತಿತ್ತು. ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ದೊಡ್ಡವರ ದೊಡ್ಡ ಪ್ರಾರ್ಥನೆಗಳು ಮುಗಿಯುವಷ್ಟರಲ್ಲಿ ಒಳಗೆ ಉಪ್ಪಿಟ್ಟು ಆರಿ ಹೋಗುತ್ತಿತ್ತು. ಲೆಂಟಿಗೆಂದು ಮಾಂಸ ಬಿಟ್ಟ ಗಂಡಸರು ಕೂಟ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಸಾವಜಿ ಮಟನ್ ಊಟದ ಬಗ್ಗೆ ಭಕ್ತಿಯಿಂದ ಮಾತಾಡುತ್ತಿದ್ದರು. ಅತ್ಯಾ ಮನೆಗೆ ಬಂದು ಗೋಡೆಯ ಕನ್ನಡಿಯ ಮುಂದೆ ನಿಂತು ಮಾತಿನ ಅಭ್ಯಾಸ ಮಾಡುತ್ತಿದ್ದಳು. ಕೇಳುವವಳು ನಾನೊಬ್ಬಳೇ. ತುಂಬಾ ಚೆನ್ನಾಗಿತ್ತು. ಕ್ಷಮೆ ಅಂದರೇನು, ಅದು ಯಾಕೆ ದೊಡ್ಡದು, ಎಲ್ಲ ಗ್ರಾಂಥಿಕ ಕನ್ನಡದಲ್ಲಿ, ಎಲ್ಲಿ ದನಿ ಏರಿಸಬೇಕು ಎಲ್ಲಿ ಇಳಿಸಬೇಕು ಎಂಬ ಲೆಕ್ಕದಲ್ಲಿ ಜೋಡಿಸಿದ್ದಳು. ನಾನು ಚಪ್ಪಾಳೆ ತಟ್ಟಿದೆ. ಅತ್ಯಾಗೆ ಮಾತ್ರ ದಿನದಿಂದ ದಿನಕ್ಕೆ ಸಮಾಧಾನ ಕಡಿಮೆಯಾಗುತ್ತಿತ್ತು. ಮೊದಮೊದಲು ಸಲೀಸಾಗಿ ಹೇಳುತ್ತಿದ್ದವಳು ಆಮೇಲಾಮೇಲೆ ಒಂದೇ ಜಾಗದಲ್ಲಿ ನಿಲ್ಲತೊಡಗಿದಳು. "ಅವರನ್ನು" ಎಂಬಲ್ಲಿಗೆ ಬಂದು ಕನ್ನಡಿಯನ್ನೇ ನೋಡುತ್ತ ನಿಂತುಬಿಡುವಳು.

"ಮರ್ತೀ ಏನ್ ಅತ್ಯಾ?"

"ಇಲ್ಲ. ನೆನಪಾಗಾಕತ್ತೈತಿ" ಅಂದಳು ಒಂದು ದಿನ.

ಶುಭ ಶುಕ್ರವಾರದ ಹಿಂದಿನ ಸಂಜೆ ಸೀರೆಗೆ ಗಂಜಿ ಕಾಯಿಸಲು ಇಟ್ಟಳು. ನಾನು ಒಳಗೆ ಓದುತ್ತಿದ್ದೆ. ಸುಟ್ಟ ವಾಸನೆ ಬಂದು ಓಡಿ ಹೋದರೆ ಗಂಜಿ ತಳ ಹತ್ತಿ ಕರಕಾಗಿತ್ತು. ಅತ್ಯಾ ಒಲೆಯ ಮುಂದೆಯೇ ನಿಂತಿದ್ದಳು, ಕಣ್ಣೆದುರಿಗೇ ಹೊಗೆ ಏಳುತ್ತಿದ್ದರೂ ಕಂಡಿರಲಿಲ್ಲ. ಬಿಸಿ ಪಾತ್ರೆ ಇಳಿಸಿ ನಾನು ಬೈದೆ. ಅತ್ಯಾ ತಿರುಗಿ ಬೈಯಲಿಲ್ಲ. ಅದೇ ನನಗೆ ಹೆದರಿಕೆ ತಂದಿತು. ಆ ಶುಕ್ರವಾರ ಅವಳು ಗಂಜಿ ಇಲ್ಲದ, ಮೆತ್ತಗೆ ಮೈಗೆ ಅಂಟಿಕೊಂಡ ಬಿಳಿ ಸೀರೆಯಲ್ಲಿ ಚರ್ಚಿಗೆ ಬಂದಳು.

ಚರ್ಚು ತುಂಬಿತ್ತು. ಕ್ರಿಸ್ಮಸ್ಸಿಗೆ ಕೂಡ ಬಾರದವರು ಬಂದಿದ್ದರು. ಉಪವಾಸದ ಹೊಟ್ಟೆಯಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ಅಕ್ಕೋರು ಕ್ಷಮೆಯ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳುವ ಆಸೆ ಯಾರಿಗಿಲ್ಲ? ನನಗೆ ಆ ಮಂದಿಯ ಮೇಲೆ ಸಿಟ್ಟು ಬಂತು. ಅತ್ಯಾ ಮುಂದೆ ಹೋಗಿ ಮೇಜು ಹಿಡಿದು ನಿಂತಳು. ಮೊದಲ ವಾಕ್ಯ ಹೇಳಿದಳು, ಎರಡನೆಯದನ್ನು ಅರ್ಧ ಹೇಳಿದಳು, ನಿಂತಳು. ನಾನು ಮುಂದಿನ ಪದವನ್ನು ತುಟಿಯಲ್ಲೇ ಆಡಿದೆ. ಅವಳು ನನ್ನನ್ನು ನೋಡಿದಳು, ಹೇಳಲಿಲ್ಲ. ಆಮೇಲೆ ಬಾಯಿ ತೆರೆದಾಗ ಗ್ರಾಂಥಿಕ ಕನ್ನಡ ಹೋಗಿಬಿಟ್ಟಿತ್ತು.

"ನಾ ತಯಾರ ಮಾಡಿಕೊಂಡು ಬಂದದ್ದು ಬ್ಯಾರೇ ಐತಿ. ಛಲೋನ ಐತಿ. ಹೇಳಾಕ ಆಗವಲ್ದು ನನಗ."

ಬೀಸಣಿಗೆಗಳು ನಿಂತವು.

"ನಮ್ಮನಿಯವರು ಹೋದ ದಿನ ಸಂಜಿಗೆ ನಳ ಬಂದಿದ್ವು. ನಾ ಒಬ್ಬಾಕಿನ ಇದ್ದೆ. ಅವರಿಗೆ ಫೋನ್ ಮಾಡಿದೆ. ಲಗೂ ಬರ್ರಿ, ನೀರು ನಿಲ್ತಾವು, ಎಲ್ಲದೀರಿ ಅಂದೆ. ಮತ್ತ ಮಾಡಿದೆ, ಮತ್ತ ಮಾಡಿದೆ. ಗಾಡಿ ಮ್ಯಾಲಿದ್ದವರಿಗೆ ಜೀವಾ ತಿಂದೆ. ವಸಂತಗ ಲಗೂ ಹೋಗು ಅಂತ ಅವರು ಅಂದದ್ದು ಖರೇ. ಅನ್ನಿಸಿದಾಕಿ ನಾನು." ಅವಳ ದನಿ ನಡುಗಲಿಲ್ಲ. "ವಸಂತ ಸುಳ್ಳ ಹೇಳ್ಯಾನ ಅಂತ ನಾ ನಿಮಗೆಲ್ಲಾ ಹೇಳಿದೆ. ನೀವು ನಂಬಿದ್ರಿ. ಸುಳ್ಳ ನಂದಿತ್ತು. ಹಂಗ ಅನ್ನಲಿಲ್ಲಂದ್ರ, ಅವರನ್ನ ಕೊಂದಾಕಿ ನಾನ ಅಂತ ಒಪ್ಪಬೇಕಾಗ್ತಿತ್ತು. ಅದು ಆಗಲಿಲ್ಲ ನನ್ನ ಕಡಿಂದ. ಅದಕ್ಕ ಎದಿ ಕಲ್ಲ ಮಾಡ್ಕೊಂಡೆ."

ಅವಳು ಪಾಸ್ಟರು ನಿಲ್ಲುವ ಹಾಗೆಯೇ ಕಣ್ಣು ಮುಚ್ಚಿ ನಿಂತಳು. ಯಾರೂ ಕೆಮ್ಮಲಿಲ್ಲ.

"ಅಯ್ಯನೋರು ಕೇಳಿದ್ರು, ಆ ಮಾತು ಯಾರ ಸಲುವಾಗಿ ಅಂತ. ಸಿಪಾಯಿಗೋಳ ಸಲುವಾಗಿ ಅಂತ ಜನ್ಮಾ ಪೂರ್ತಿ ಕಲಿಸೀನಿ. ಒಳಗೊಳಗ, ವಸಂತನಂಥವರ ಸಲುವಾಗಿ ಅಂದ್ಕೊಂಡಿದ್ದೆ. ನನ್ನ ಸಲುವಾಗಿ ಅಂತ ಒಮ್ಮಿನೂ ಕೇಳಿಸಿಕೊಂಡಿರಲಿಲ್ಲ. ಈ ಮಾತು ಹೇಳೂ ಯೋಗ್ಯತಾ ನನಗಿಲ್ಲ. ಇವತ್ತ ನಾ ಕೇಳಿಸಿಕೊಳ್ಳಾಕ ಬಂದೀನಿ."

ಅಷ್ಟು ಹೇಳಿ ಬಂದು ನನ್ನ ಪಕ್ಕ ಕೂತಳು. ಅವಳ ಕೈ ಹಿಡಿದುಕೊಂಡೆ. ಎರಡನೇ ಮಾತಿನವರು ಎದ್ದು ಏನೇನೋ ಹೇಳಿದರು, ಯಾರ ಕಿವಿಗೂ ಬೀಳಲಿಲ್ಲ. ಆರಾಧನೆ ಮುಗಿದು ಮಜ್ಜಿಗೆ ಹಂಚುವ ಹೊತ್ತಿಗೆ ನಾನು ಕೊನೆಯ ಬೆಂಚಿನ ಕಡೆ ನೋಡಿದೆ. ವಸಂತ ಹೋಗಿಬಿಟ್ಟಿದ್ದ.

ಅತ್ಯಾಗೂ ಅದು ಗೊತ್ತಾಗಿತ್ತು. ಮನೆಗೆ ಬಂದು ಸೀರೆ ಕೂಡ ಬದಲಿಸದೆ ಕೂತಳು. "ಅಂವಾ ನನ್ನ ಮುಖಾ ನೋಡ್ಲಿಲ್ಲ, ಸುಧಾ" ಅಂದಳು. "ಯಾಕ ನೋಡ್ಬೇಕು? ಅವನ ಹಾಡು ಕಸ್ಕೊಂಡೆ ನಾನು." ಸಭೆಯ ಮುಂದೆ ಹೇಳಿದ್ದರಿಂದ ಭಾರ ಇಳಿದೀತು ಎಂದು ನಾನು ತಿಳಿದಿದ್ದೆ. ಇಳಿದಿರಲಿಲ್ಲ. ಇಷ್ಟು ವರ್ಷ ಕ್ಷಮಿಸುವುದೋ ಬಿಡುವುದೋ ಅವಳ ಕೈಯಲ್ಲಿತ್ತು. ಈಗ ಅದು ವಸಂತನ ಕೈಗೆ ಹೋಗಿತ್ತು. ಅವನು ಬೇಡ ಅಂದರೆ ಯಾರೂ ಅವನನ್ನು ತಪ್ಪು ಅನ್ನುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಓಣಿಯ ತುದಿಯಿಂದ ಕೂಗು ಬಂತು. "ನಳ ಬಂದಾವು!" ನಾನು ಪುಸ್ತಕ ಮಡಚಿ ಹೊರಗೆ ಬಂದೆ. ತೊಟ್ಟಿಗೆ ನೀರು ಬೀಳುತ್ತಿತ್ತು. ಅತ್ಯಾ ಕೊಡ ಮುಟ್ಟಿರಲಿಲ್ಲ. ತೊಟ್ಟಿಯ ಪಕ್ಕ ಫೋನು ಹಿಡಿದು ನಿಂತಿದ್ದಳು. ವಸಂತನ ನಂಬರನ್ನು ಅವಳು ಅಳಿಸಿಯೇ ಇರಲಿಲ್ಲ. ಬೆರಳಿಟ್ಟು, ತೆಗೆದು, ಮತ್ತೆ ಇಟ್ಟಳು. ಅತ್ತ ಎತ್ತಿದರು. ಹಿಂದೆ ಎಲ್ಲೋ ಕುಕ್ಕರಿನ ಸೀಟಿ ನನಗೂ ಕೇಳಿತು.

"ಅಕ್ಕೋರ?" ಅಂದ ವಸಂತ.

"ವಸಂತಾ, ನಳ ಬಂದಾವು." ಅತ್ಯಾ ತೊಟ್ಟಿಯ ಕಡೆ ನೋಡಿದಳು. "ಕೊಡಾ ಎತ್ತಾಕ ಆಗವಲ್ದು ನನಗ. ಬರ್ತೀಯೇನು?"

ಅತ್ತ ಕುಕ್ಕರು ಮತ್ತೊಮ್ಮೆ ಸೀಟಿ ಹೊಡೆಯಿತು. ಇತ್ತ ತೊಟ್ಟಿಗೆ ನೀರು ಬೀಳುತ್ತಿತ್ತು.

"ಲಗೂ ಬ್ಯಾಡ" ಅಂದಳು ಅತ್ಯಾ. ಈಗ ಅವಳ ದನಿ ಒಡೆಯಿತು. "ಸಾವಕಾಶ ಬಾ."

ಫೋನು ಕಟ್ಟಾಯಿತು. ಬರುತ್ತೇನೆ ಅಂದನೋ ಇಲ್ಲವೋ ಅವಳಿಗೂ ತಿಳಿಯಲಿಲ್ಲ. ನಾನು ಕೊಡ ಎತ್ತಿದೆ. ಅವಳು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು. "ನಿಂದ್ರು." ಓಣಿಯವರೆಲ್ಲ ತುಂಬಿಸಿಕೊಂಡು ಒಳಗೆ ಹೋದರು. ನಮ್ಮ ತೊಟ್ಟಿ ತುಂಬಿ ನೀರು ಅಂಗಳಕ್ಕೆ ಹರಿದು ಬೇವಿನ ಹೂವುಗಳನ್ನು ತೇಲಿಸಿಕೊಂಡು ಹೋಯಿತು. ಬೇಸಿಗೆಯಲ್ಲಿ ಹೀಗೆ ನೀರು ಚೆಲ್ಲುವುದನ್ನು ನೋಡಿದರೆ ನವನಗರದಲ್ಲಿ ಯಾರೂ ಸುಮ್ಮನಿರುವುದಿಲ್ಲ. ಎದುರು ಮನೆಯವರು ಗೇಟಿಗೆ ಬಂದು, "ಅಕ್ಕೋರ, ನೀರು ಹೊಂಟಾವ್ರೀ!" ಅಂದರು. ಅತ್ಯಾ ತಲೆ ಆಡಿಸಿದಳು, ಕದಲಲಿಲ್ಲ. ಅವನು ಬರುವ ಭರವಸೆ ನನಗೆ ಇರಲಿಲ್ಲ. ಧಾರೆ ಸಣ್ಣದಾಗಿ, ದಾರದಷ್ಟಾಗಿ, ನಿಂತೇ ಹೋಯಿತು.

ಆಗ ಗೇಟಿನ ಚಿಲಕ ಸದ್ದಾಯಿತು. ವಸಂತ ಬಸ್ಸಿನಲ್ಲಿ ಬಂದು, ನಿಲ್ದಾಣದಿಂದ ಕುಂಟುತ್ತ ನಡೆದು ಬಂದಿದ್ದ. ಅಪಘಾತವಾದ ದಿನದಿಂದ ಅವನು ಮೋಟಾರ್ ಸೈಕಲ್ ಮುಟ್ಟಿಲ್ಲವೆಂದು ಆಮೇಲೆ ತಿಳಿಯಿತು. ಅಂಗಿಯ ತೋಳು ಮಡಚಿ, ಯಾರ ಮುಖವನ್ನೂ ನೋಡದೆ, ತೊಟ್ಟಿಯಲ್ಲಿ ಕೊಡ ಅದ್ದಿ ಎತ್ತಿದ. ಅತ್ಯಾ ಇಸಿದುಕೊಂಡು ಒಳಗೆ ಒಯ್ದು ಸುರಿದು ಬಂದಳು. ಹಾಗೇ ಎಷ್ಟೋ ಕೊಡಗಳಾದ ಮೇಲೆ ಅವಳು ಕೇಳಿದಳು.

"ನಾ ಫೋನ್ ಮಾಡಿದ್ದು ನಿನಗ ಗೊತ್ತಿತ್ತಲ್ಲೋ, ವಸಂತಾ?"

"ಗೊತ್ತಿತ್ರೀ. ಮಾಮಾರು ನನ್ನ ಬೆನ್ನ ಹಿಂದನ ಮಾತಾಡ್ತಿದ್ರಲ್ರೀ."

"ಮತ್ತ ಯಾಕ ಹೇಳಲಿಲ್ಲ? ಇಷ್ಟ ವರ್ಷ ಮಂದಿ ಕಡೆ ಅನ್ನಿಸ್ಕೊಂಡೆಲ್ಲೋ."

ವಸಂತ ಕೊಡವನ್ನು ತೊಟ್ಟಿಯ ಅಂಚಿಗೆ ಇಟ್ಟ. "ಹೇಳಿ ನಿಮಗ ಮತ್ತೊಂದು ಸಂಕಟಾ ಕೊಡ್ಲೇನ್ರೀ? ಗಾಡಿ ಹೊಡೀತಿದ್ದಾಂವ ನಾನ ಅಲ್ಲೇನ್ರೀ, ಅಕ್ಕೋರ? ಅವರು ಲಗೂ ಅಂದ್ರೂ ನಾ ಸಾವಕಾಶ ಹೊಡೀಬೇಕಾಗಿತ್ತು."

ಅತ್ಯಾ ಅತ್ತಳು. ಮಾಮಾ ಹೋದಾಗಲೂ ಅವಳು ಮಂದಿಯ ಮುಂದೆ ಅತ್ತಿರಲಿಲ್ಲವಂತೆ. ತೊಟ್ಟಿಯ ಕಟ್ಟೆಯ ಮೇಲೆ ಕೂತು ಸಣ್ಣ ಮಕ್ಕಳ ಹಾಗೆ ಗಟ್ಟಿಯಾಗಿ ಅತ್ತಳು. ವಸಂತ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ, ಅವನ ಕಣ್ಣೂ ಹರಿಯುತ್ತಿತ್ತು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ನನಗೂ ಅಳು ಬಂದಿತ್ತು, ಅದನ್ನು ಒಲೆಯ ಮುಂದೆ ಮುಗಿಸಿಕೊಂಡು ಬಂದೆ.

ಮರುದಿನ ಈಸ್ಟರ್, ಪುನರುತ್ಥಾನದ ಹಬ್ಬ. ಪಾಸ್ಟರು ಸಮಾಧಾನ ಹಂಚಲು ವೇದಿಕೆ ಇಳಿದಾಗ ಅತ್ಯಾಳ ಪಕ್ಕದವರು ರೂಢಿಯ ಹಾಗೆ ಅವಳ ಜಾಗ ದಾಟಿ ಕೈ ಚಾಚಿದರು. ಕೈ ಹೋಗಿ ಅತ್ಯಾಗೆ ತಾಗಿತು. ಅವಳು ಹೊರಗೆ ಹೋಗಿರಲಿಲ್ಲ. ಎರಡೂ ಕೈಯಿಂದ ಆ ಕೈ ಹಿಡಿದುಕೊಂಡು, ಬಿಡಲೇ ಮನಸ್ಸಿಲ್ಲದ ಹಾಗೆ ಬಹಳ ಹೊತ್ತು ಇಟ್ಟುಕೊಂಡಳು. ಆಮೇಲೆ ನನಗೆ ಕೊಟ್ಟಳು. ಕೊನೆಯ ಹಾಡಿಗೆ ಎಲ್ಲರೂ ಎದ್ದಾಗ ಹಿಂದಿನಿಂದ ಒಂದು ಕೆಳದನಿ ಕೇಳಿತು. ತುಕ್ಕು ಹಿಡಿದಂತಿತ್ತು, ಶ್ರುತಿಗೂ ಸರಿಯಾಗಿ ಕೂಡಲಿಲ್ಲ. ಅತ್ಯಾ ತಿರುಗಿ ನೋಡಲಿಲ್ಲ, ತಾನು ಹಾಡುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ಮೊನ್ನೆ ನಾನು ನೋಡುತ್ತ ನಿಂತಿದ್ದಂತೆಯೇ ಇಸ್ತ್ರಿ ಅಂಗಡಿಯವನು ಸೀರೆ ಮಡಚಿ ಬದಿಗಿಟ್ಟ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಅತ್ಯಾ. ಈಗ ಅವಳಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಕೂಗಿ ಮಾತಾಡುತ್ತಾಳೆ.

"ಎಲ್ಲಿದ್ದೀ?"

"ಇಲ್ಲೇ ಮೂಲಿಗೆ ಬಂದೇನಿ ಅತ್ಯಾ. ಬಂದೆ."

"ನಳ ಬಂದಾವು. ವಸಂತ ಬಂದಾನ, ತುಂಬಾಕತ್ತಾನ" ಎಂದು ಕೂಗಿದಳು. ಹಿಂದೆ ನೀರು ಬೀಳುವ ಸದ್ದು, ಅದರ ಜೊತೆಗೆ ಯಾರೋ ಕೆಳದನಿಯಲ್ಲಿ ಗುನುಗುವುದು ಕೇಳುತ್ತಿತ್ತು. "ನೀ ಸಾವಕಾಶ ಬಾ."

ಬಿಸಿಲು ಚುರುಗುಟ್ಟುತ್ತಿತ್ತು, ಚೀಲ ಭಾರವಾಗಿತ್ತು. ಆದರೂ ನಾನು ಸಾವಕಾಶವಾಗಿಯೇ ಹೋದೆ.